ಪಾಸ್‌ವರ್ಡ್ ಎಲ್ಲಿದೆ, ಅದನ್ನು ಯಾರು ಓದಬಲ್ಲರು: ಕೋಲಾರದ ಮಂಡಿಯೊಂದರ ಕೈಪಿಡಿ ತಿದ್ದಿದ ಪ್ರಕರಣ

ಕೋಲಾರದ ಎಪಿಎಂಸಿ ಯಾರ್ಡ್‌ನಲ್ಲಿ ಟೊಮೆಟೊ ವಹಿವಾಟು ನಡೆಸುವ ಒಂದು ಮಂಡಿಯಲ್ಲಿ, ಜುಲೈ ತಿಂಗಳ ಭರ್ತಿ ಸೀಸನ್ನಿನ ಒಂದು ಬೆಳಿಗ್ಗೆ, ಅದುವರೆಗಿನ ರೈತರ ಪಟ್ಟಿಗಳೆಲ್ಲ ಕಂಪ್ಯೂಟರಿನಿಂದ ಕಾಣೆಯಾದವು. ರೈತ ತಂದ 15 ಕೆ.ಜಿ. ಬಾಕ್ಸ್‌ಗಳ ಎಣಿಕೆ, ಹರಾಜಿನಲ್ಲಿ ನಿಂತ ದರ, ಕಡಿತಗಳು, ಕೊನೆಗೆ ಕೈಗೆ ಸಲ್ಲಬೇಕಾದ ಮೊತ್ತ ಇವಿಷ್ಟೂ ಪಟ್ಟಿಯಲ್ಲಿರುತ್ತವೆ. ಎಷ್ಟೋ ಪಟ್ಟಿಗಳಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆಯೂ ಇರುತ್ತದೆ. ಹಿಂದಿನ ವಾರದ ಬಾಕಿ ಕೇಳಲು ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಬಂದವರು ಕೌಂಟರಿನ ಮುಂದೆ ನಿಂತಿದ್ದಾಗ ಒಳಗೆ ತೆರೆದಿದ್ದ ಫೋಲ್ಡರ್ ಖಾಲಿಯಾಗಿತ್ತು. ಪಟ್ಟಿಗಳು ನಿಜವಾಗಿ ಎಲ್ಲಿಗೂ ಹೋಗಿರಲಿಲ್ಲ. ಅವುಗಳಿದ್ದ ಜಾಗವನ್ನು ತಲುಪಲು ಬೇಕಾದ ಲಾಗಿನ್ ವಿವರಗಳು ಯಾವ ಯಂತ್ರದಲ್ಲಿ, ಯಾವ ಫೈಲಿನಲ್ಲಿ, ಯಾವ ರೂಪದಲ್ಲಿ ಉಳಿದಿವೆ ಎಂಬುದನ್ನು ಮಂಡಿಯ ಕೈಪಿಡಿ ಸರಿಯಾಗಿ ಹೇಳಿರಲಿಲ್ಲ. ಆ ಕೈಪಿಡಿಯನ್ನು ಪರಿಶೀಲಿಸಿ ತಿದ್ದುವ ಕೆಲಸ ಆಮೇಲೆ ನನ್ನ ಪಾಲಿಗೆ ಬಂತು. ಮಂಡಿಯವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು, ಪ್ರಕರಣವನ್ನು ಇಲ್ಲಿ ದಾಖಲಿಸಿದ್ದೇನೆ.

ಮೊದಲು ವ್ಯವಸ್ಥೆಯನ್ನು ತಿಳಿಯಬೇಕು. ಯಾರ್ಡ್‌ನ ಅಂಗಡಿಯಲ್ಲಿ ಎರಡು ಕಂಪ್ಯೂಟರ್‌ಗಳಿವೆ. ಪಟ್ಟಿ ಹಾಕುವ ಹಳೆಯ ಯಂತ್ರದಲ್ಲಿ ಉಬುಂಟು ಲಿನಕ್ಸ್ ಇದೆ, ಲೆಕ್ಕ ಬರೆಯುವ ಯಂತ್ರದಲ್ಲಿ ವಿಂಡೋಸ್ ಇದೆ. ಪಟ್ಟಿಗಳ ಮೂಲ ಪ್ರತಿ ಊರೊಳಗಿನ ಕಚೇರಿಯ ನ್ಯಾಸ್ ಪೆಟ್ಟಿಗೆಯಲ್ಲಿ, ಅಂದರೆ ಹಲವು ಯಂತ್ರಗಳು ನೆಟ್‌ವರ್ಕ್ ಮೂಲಕ ಬಳಸುವ ಫೈಲು ಸಂಗ್ರಹದಲ್ಲಿದ್ದು, ಯಾರ್ಡ್‌ನ ಎರಡೂ ಯಂತ್ರಗಳು ರೂಟರಿನ ವಿಪಿಎನ್ (ಇಂಟರ್ನೆಟ್ಟಿನೊಳಗಿನ ಖಾಸಗಿ ಸಂಪರ್ಕ) ಮೂಲಕ ಅದರ ಫೋಲ್ಡರನ್ನು ತಮ್ಮದೇ ಫೋಲ್ಡರಿನಂತೆ ಬಳಸುತ್ತವೆ. ಇದರ ಜೊತೆಗೆ ಲಿನಕ್ಸ್ ಯಂತ್ರದಲ್ಲಿರುವ ಆರ್‌ಕ್ಲೋನ್ ಎಂಬ ತಂತ್ರಾಂಶವು ಪ್ರತಿ ರಾತ್ರಿ ಆ ದಿನದ ಫೈಲುಗಳನ್ನು ಬೆಂಗಳೂರಿನಲ್ಲಿರುವ ಲೆಕ್ಕಪರಿಶೋಧಕರ ಸರ್ವರ್‌ಗೆ ಎಸ್‌ಎಫ್‌ಟಿಪಿ ಎಂಬ ಸುರಕ್ಷಿತ ಫೈಲು ವರ್ಗಾವಣೆ ವಿಧಾನದ ಮೂಲಕ ಕಳುಹಿಸುತ್ತದೆ. ಹೀಗೆ ದೂರದ ಫೈಲುಗಳಿಗೆ ಹೋಗುವ ದಾರಿಗಳು ಮೂರಾದವು, ಲಾಗಿನ್ ವಿವರ ಉಳಿಯುವ ಜಾಗಗಳೂ ಮೂರಾದವು. ಕೈಪಿಡಿಯಲ್ಲಿ ಈ ಮೂರಕ್ಕೂ ಸೇರಿ ಇದ್ದದ್ದು ಇಷ್ಟೇ: ‘ಲಾಗಿನ್ ವಿವರಗಳನ್ನು ಕ್ರೆಡೆನ್ಷಿಯಲ್ ಫೈಲಿನಲ್ಲಿ ಸುರಕ್ಷಿತವಾಗಿ ಉಳಿಸಬೇಕು. ಪಾಸ್‌ವರ್ಡ್ ಎನ್‌ಕ್ರಿಪ್ಟ್ ಆಗಿರುತ್ತದೆ.’ ಕ್ರೆಡೆನ್ಷಿಯಲ್ ಫೈಲೆಂದರೆ ಬಳಕೆದಾರರ ಹೆಸರು, ಪಾಸ್‌ವರ್ಡ್ ಬರೆದಿಡುವ ಫೈಲು. ಎನ್‌ಕ್ರಿಪ್ಟ್ ಎಂದರೆ ಕೀಲಿ ಇಲ್ಲದವರು ಓದಲಾಗದಂತೆ ಮಾಡುವುದು. ಆ ವಾಕ್ಯಗಳ ಕೆಳಗೆ, ದಪ್ಪ ಅಕ್ಷರದಲ್ಲಿ, ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಪಾಸ್‌ವರ್ಡನ್ನು ತೋರಿಸಿದ ಒಂದು ಮಾದರಿ ಸಾಲು ಇತ್ತು.

ಘಟನೆಗೆ ದಾರಿಯಾದದ್ದು ಒಳ್ಳೆಯ ಉದ್ದೇಶದ ಒಂದು ಕ್ರಮವೇ. ಸೀಸನ್ನಿಗೆಂದು ಸೇರಿಸಿಕೊಂಡಿದ್ದ ಗುಮಾಸ್ತರೊಬ್ಬರು ಕೆಲಸ ಬಿಟ್ಟರು. ಅವರಿಗೆ ಪಾಸ್‌ವರ್ಡ್ ಗೊತ್ತಿದ್ದುದರಿಂದ ತಂತ್ರಜ್ಞರು ನ್ಯಾಸ್‌ನಲ್ಲಿ ಅದನ್ನು ಬದಲಾಯಿಸಿ, ವಿಂಡೋಸ್ ಯಂತ್ರದಲ್ಲಿ ಹೊಸದನ್ನು ಹಾಕಿ, ಲಿನಕ್ಸ್ ಯಂತ್ರದಲ್ಲಿ ಫೋಲ್ಡರ್ ತೆರೆದು ನೋಡಿದರು. ಅದು ಎಂದಿನಂತೆ ತೆರೆಯಿತು. ಸರಿಯಾಗಿದೆ ಎಂದುಕೊಂಡು ಅವರು ಹೊರಟರು. ಆದರೆ ಅದು ತೆರೆದದ್ದು ಹಳೆಯ ಸಂಪರ್ಕ ಇನ್ನೂ ಜೀವಂತವಾಗಿದ್ದುದರಿಂದ. ಇಂಥ ಫೋಲ್ಡರ್ ಜೋಡಣೆಯಲ್ಲಿ ಪಾಸ್‌ವರ್ಡ್ ಕೇಳುವುದು ಸಂಪರ್ಕ ಆರಂಭವಾಗುವಾಗ ಮಾತ್ರ. ನಂತರ ಸರ್ವರ್‌ನಲ್ಲಿ ಪಾಸ್‌ವರ್ಡ್ ಬದಲಾದರೂ, ಸಂಪರ್ಕ ಕಡಿಯದಿರುವಷ್ಟು ಕಾಲ, ಕೆಲಸ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಕೆಲವು ದಿನ ಕಳೆದು ರಾತ್ರಿ ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟಿತು. ಬೆಳಿಗ್ಗೆ ಹೊಸದಾಗಿ ಎದ್ದ ಯಂತ್ರ ಹಳೆಯ ಪಾಸ್‌ವರ್ಡನ್ನೇ ಕಳುಹಿಸಿತು, ನ್ಯಾಸ್ ಒಪ್ಪಲಿಲ್ಲ. ಜೋಡಣೆ ಆಗದಿದ್ದರೂ ಯಂತ್ರ ನಿಲ್ಲದೆ ಏಳಬೇಕೆಂಬ ಸೂಚನೆ ಮೊದಲೇ ಕೊಟ್ಟಿದ್ದರಿಂದ ಪರದೆಯ ಮೇಲೆ ಯಾವ ದೂರೂ ಕಾಣಿಸಲಿಲ್ಲ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಇಷ್ಟು ಅಂತರ ಬಿದ್ದಾಗ, ಪಾಸ್‌ವರ್ಡ್ ಬದಲಾವಣೆಯನ್ನು ಯಾರೂ ನೆನೆಯದೆ ನೆಟ್‌ವರ್ಕನ್ನು ಶಂಕಿಸುವುದು ಸಹಜವೇ.

ಮುಂದಿನದು ಇನ್ನೂ ಕೆಟ್ಟದ್ದು. ಲಿನಕ್ಸ್‌ನಲ್ಲಿ ದೂರದ ಫೋಲ್ಡರ್ ಬಂದು ಕೂರುವ ಜಾಗವೂ ಒಂದು ಸಾಮಾನ್ಯ ಫೋಲ್ಡರೇ. ಜೋಡಣೆ ಆಗದಿದ್ದಾಗ ಅದು ಖಾಲಿಯಾಗಿ ಕಾಣುತ್ತದೆ, ಬರೆದರೆ ಬರೆಸಿಕೊಳ್ಳುತ್ತದೆ. ಆ ಬೆಳಗಿನ ಹರಾಜಿನ ಹೊಸ ಪಟ್ಟಿಗಳನ್ನು ತಂತ್ರಾಂಶವು ಯಾರ್ಡ್ ಯಂತ್ರದ ಡಿಸ್ಕಿನ ಮೇಲೆಯೇ ಬರೆಯತೊಡಗಿತು. ರಾತ್ರಿಯ ಆರ್‌ಕ್ಲೋನ್ ಕೆಲಸಕ್ಕೆ ‘ಸಿಂಕ್’ ಆಜ್ಞೆಯನ್ನು ಕೊಟ್ಟಿದ್ದರೆ, ಮೂಲದಲ್ಲಿ ಇಲ್ಲದ ಫೈಲುಗಳನ್ನು ಅದು ಬೆಂಗಳೂರಿನ ಪ್ರತಿಯಿಂದಲೂ ಅಳಿಸಿಬಿಡುತ್ತಿತ್ತು. ಇಲ್ಲಿ ‘ಕಾಪಿ’ ಬಳಸಿದ್ದರಿಂದ ಪ್ರತಿ ಉಳಿಯಿತು. ಇದು ಮುಂದಾಲೋಚನೆಯೋ ಆಕಸ್ಮಿಕವೋ ಎಂದು ಕೇಳಿದೆ. ಉತ್ತರ ಕೊಡಬಲ್ಲವರು ಯಾರೂ ಇರಲಿಲ್ಲ.

ಕೌಂಟರಿನ ಗುಮಾಸ್ತೆ ಕೈಪಿಡಿ ತೆರೆದು, ಹೊಸ ಪಾಸ್‌ವರ್ಡನ್ನು ಮಾದರಿ ಸಾಲಿನಂತೆ ಹಾಕಿದರು. ‘ಪುಸ್ತಕದಲ್ಲಿ ಇದ್ದಂಗೇ ಹೊಡ್ದಿದೀನಿ ಸಾರ್’ ಎಂದು ಅವರು ತಂತ್ರಜ್ಞರಿಗೆ ಫೋನಿನಲ್ಲಿ ಹೇಳಿದ್ದು ಅಕ್ಷರಶಃ ನಿಜ, ತೊಡಕು ಬಂದದ್ದೂ ಅಲ್ಲಿಯೇ. ಲಿನಕ್ಸ್‌ನಲ್ಲಿ ವಿಂಡೋಸ್ ಮಾದರಿಯ ಫೋಲ್ಡರನ್ನು ಜೋಡಿಸುವ ಮೌಂಟ್ ಸಿಫ್ಸ್ ತಂತ್ರಾಂಶವು ಕ್ರೆಡೆನ್ಷಿಯಲ್ ಫೈಲಿನಲ್ಲಿ ಸಮ ಚಿಹ್ನೆಯ ನಂತರ ಬರುವುದೆಲ್ಲವನ್ನೂ ಸಾಲಿನ ಕೊನೆಯವರೆಗೆ ಪಾಸ್‌ವರ್ಡ್ ಎಂದೇ ಓದುತ್ತದೆ. ಉದ್ಧರಣ ಚಿಹ್ನೆ ಹಾಕಿದರೆ ಅದೂ ಪಾಸ್‌ವರ್ಡಿನ ಭಾಗ. ಸಮ ಚಿಹ್ನೆಯ ಮುಂದೆ ಅಂದಕ್ಕೆಂದು ಒಂದು ಜಾಗ ಬಿಟ್ಟರೆ ಅದೂ ಭಾಗ. ಕೈಪಿಡಿ ಬರೆದವರು ಚಿಹ್ನೆಗಳನ್ನು ಹಾಕಿದ್ದು ಓದುಗರಿಗೆ ಪಾಸ್‌ವರ್ಡ್ ಎದ್ದು ಕಾಣಲೆಂದು. ಓದಿದವರಿಗೆ ಅದು ಹೇಗೆ ಗೊತ್ತಾಗಬೇಕು? ‘ಅನುಮತಿ ಇಲ್ಲ’ ಎಂಬರ್ಥದ 13ನೇ ಸಂಖ್ಯೆಯ ದೋಷಸಂದೇಶ ಮತ್ತೆ ಮತ್ತೆ ಬಂತು, ಅವರು ಮತ್ತೆ ಮತ್ತೆ ಪ್ರಯತ್ನಿಸಿದರು. ತಪ್ಪು ಲಾಗಿನ್‌ಗಳು ಹೆಚ್ಚಾದಾಗ ಆ ವಿಳಾಸವನ್ನೇ ತಡೆಯುವ ಏರ್ಪಾಡು ನ್ಯಾಸ್‌ನಲ್ಲಿ ಇತ್ತು. ಯಾರ್ಡ್‌ನ ಎರಡೂ ಯಂತ್ರಗಳು ರೂಟರಿನ ಒಂದೇ ವಿಳಾಸದಿಂದ ಬರುತ್ತಿದ್ದುದರಿಂದ, ಅಷ್ಟು ಹೊತ್ತು ಸರಿಯಾಗಿಯೇ ಇದ್ದ ವಿಂಡೋಸ್ ಯಂತ್ರವೂ ಹೊರಗೆ ಬಿತ್ತು. ಅಲ್ಲಿಂದಾಚೆಗೆ ಆ ದಿನದ ವ್ಯವಹಾರ ಕಾರ್ಬನ್ ಪ್ರತಿಯ ಪುಸ್ತಕದಲ್ಲಿ ನಡೆಯಿತು.

ದುರಸ್ತಿ ಕಷ್ಟವೇನೂ ಆಗಲಿಲ್ಲ. ನನ್ನ ಕೆಲಸ ಶುರುವಾದದ್ದು ಆನಂತರ, ಮೂರೂ ಜಾಗಗಳನ್ನು ತೆರೆದು ನೋಡಿದಾಗ.

ಮೊದಲನೆಯದು ಲಿನಕ್ಸ್ ಯಂತ್ರದ ಎಫ್‌ಎಸ್‌ಟ್ಯಾಬ್ ಫೈಲು. ಯಂತ್ರ ಏಳುವಾಗ ಯಾವ ಫೋಲ್ಡರನ್ನು ಎಲ್ಲಿ ಜೋಡಿಸಬೇಕು ಎಂಬುದು ಇದರಲ್ಲಿರುತ್ತದೆ, ಮತ್ತು ಯಂತ್ರಕ್ಕೆ ಲಾಗಿನ್ ಆದ ಯಾರು ಬೇಕಾದರೂ ಇದನ್ನು ಓದಬಹುದು. ಪಾಸ್‌ವರ್ಡನ್ನು ಇಲ್ಲಿ ಬರೆಯದೆ ಬೇರೆ ಫೈಲಿನಲ್ಲಿಟ್ಟು, ಆ ಫೈಲಿನ ವಿಳಾಸವನ್ನು ಮಾತ್ರ ಇಲ್ಲಿ ಕೊಡುವ ಕ್ರಮ ಇರುವುದು ಈ ಕಾರಣಕ್ಕೇ. ಮಂಡಿಯ ಯಂತ್ರದಲ್ಲಿ ಬೇರೆ ಫೈಲೇನೋ ಇತ್ತು. ಆದರೆ ಎಫ್‌ಎಸ್‌ಟ್ಯಾಬ್‌ನಲ್ಲಿ, ಟಿಪ್ಪಣಿ ಚಿಹ್ನೆ ಹಾಕಿ ನಿಷ್ಕ್ರಿಯಗೊಳಿಸಿದ ಹಳೆಯ ಸಾಲೊಂದರಲ್ಲಿ, ಹಿಂದಿನ ಪಾಸ್‌ವರ್ಡ್ ಸಲೀಸಾಗಿ ಓದುವಂತೆ ಉಳಿದಿತ್ತು. ಅದು ಮಂಡಿಯ ಹೆಸರಿನ ಮುಂದೆ ಇಸವಿ ಸೇರಿಸಿದ ಪಾಸ್‌ವರ್ಡ್. ಹೊಸದರಲ್ಲಿ ಬದಲಾಗಿದ್ದದ್ದು ಇಸವಿ ಮಾತ್ರ. ಇನ್ನು ಆ ಬೇರೆ ಫೈಲಿನ ವಿಷಯ: ಕೈಪಿಡಿ ಏನೇ ಹೇಳಲಿ, ಅದರಲ್ಲಿ ಎನ್‌ಕ್ರಿಪ್ಶನ್ ಇಲ್ಲವೇ ಇಲ್ಲ. ಬಳಕೆದಾರರ ಹೆಸರು, ಪಾಸ್‌ವರ್ಡ್, ಬೇಕಿದ್ದರೆ ಡೊಮೇನ್, ಇವು ಒಂದೊಂದು ಸಾಲಿನಲ್ಲಿ ಬರಿಗಣ್ಣಿಗೆ ಕಾಣುವಂತೆ ಇರುತ್ತವೆ. ಅದಕ್ಕಿರುವ ರಕ್ಷಣೆ ಫೈಲಿನ ಅನುಮತಿಯೊಂದೇ: ಮಾಲೀಕತ್ವ ರೂಟ್‌ನದು (ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಖಾತೆ), ಅನುಮತಿ 600, ಅಂದರೆ ರೂಟ್ ಹೊರತು ಯಾರೂ ಓದುವಂತಿಲ್ಲ. ಮಂಡಿಯಲ್ಲಿ ಆ ಫೈಲು ಎಲ್ಲರೂ ಬಳಸುವ ಸಾಮಾನ್ಯ ಲಾಗಿನ್‌ನ ಹೋಮ್ ಫೋಲ್ಡರಿನಲ್ಲಿ 644 ಅನುಮತಿಯೊಂದಿಗೆ, ಅಂದರೆ ಎಲ್ಲರೂ ಓದಬಹುದಾದಂತೆ, ಇತ್ತು. ಹೀಗಿರುವಾಗ ಬೇರೆ ಫೈಲು ಮಾಡಿದ್ದರಿಂದ ಆದ ಲಾಭ ಶೂನ್ಯ. ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಸಂಪರ್ಕಿಸುವ ಎಸ್‌ಎಸ್‌ಎಚ್ ತಂತ್ರಾಂಶವು, ಪಾಸ್‌ವರ್ಡಿನ ಬದಲು ಬಳಸುವ ಖಾಸಗಿ ಕೀಲಿಯ ಫೈಲು ಇತರರಿಗೆ ಓದಲು ಸಿಗುವಂತಿದ್ದರೆ ಅದನ್ನು ಬಳಸಲು ನಿರಾಕರಿಸುತ್ತದೆ, ಆದ್ದರಿಂದ ತಪ್ಪು ಕೂಡಲೇ ಬಯಲಾಗುತ್ತದೆ. ಮಂಡಿಯ ಈ ಜೋಡಣೆ ಅಂಥ ತಕರಾರು ತೆಗೆಯದೆ ಅನುಮತಿ ಹೇಗಿದ್ದರೂ ನಡೆದುಹೋಗುತ್ತಿತ್ತು. ಅಂದಮೇಲೆ ಎಚ್ಚರಿಸುವ ಹೊಣೆ ಪೂರ್ತಿಯಾಗಿ ಕೈಪಿಡಿಯದೇ ಆಗುತ್ತದೆ.

ಎರಡನೆಯದಾದ ಆರ್‌ಕ್ಲೋನ್‌ನಲ್ಲಿ ತಪ್ಪು ತಿಳಿವಳಿಕೆ ಇನ್ನೂ ಆಳವಾಗಿತ್ತು. ಇದರ ಸಂರಚನಾ (ಸೆಟ್ಟಿಂಗ್‌ಗಳ) ಫೈಲನ್ನು ತೆರೆದರೆ ಪಾಸ್‌ವರ್ಡ್ ಇರುವ ಕಡೆ ಅರ್ಥವಾಗದ ಅಕ್ಷರಗಳ ಸಾಲು ಕಾಣುತ್ತದೆ. ಅದನ್ನು ನೋಡಿದವರು ‘ಎನ್‌ಕ್ರಿಪ್ಟ್ ಆಗಿದೆ’ ಎಂದುಕೊಂಡರು, ಕೈಪಿಡಿಯಲ್ಲೂ ಹಾಗೆಯೇ ಬರೆದರು. ಹಾಗೆ ಬರೆದದ್ದನ್ನು ನಂಬಿ ಲೆಕ್ಕಪರಿಶೋಧಕರ ಸರ್ವರ್‌ನ ವಿವರವಿದ್ದ ಆ ಫೈಲನ್ನು ಬೇರೆ ಯಂತ್ರಕ್ಕೆ ಹಾಕಲೆಂದು ಪೆನ್‌ಡ್ರೈವಿನಲ್ಲಿ ಒಯ್ದವರಿದ್ದರು, ವಾಟ್ಸಾಪ್‌ನಲ್ಲಿ ಕಳುಹಿಸಿದವರೂ ಇದ್ದರು. ವಾಸ್ತವದಲ್ಲಿ ಅದು ಮರೆಮಾಚಿದ ರೂಪ ಮಾತ್ರ. ಅಕ್ಷರಗಳನ್ನು ಕದಡಲು ಬಳಸುವ ಕೀಲಿ ಆರ್‌ಕ್ಲೋನ್ ತಂತ್ರಾಂಶದೊಳಗೇ ಇದೆ, ಜಗತ್ತಿನ ಎಲ್ಲ ಪ್ರತಿಗಳಲ್ಲೂ ಅದೊಂದೇ ಕೀಲಿ. ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಊರಿಗೆಲ್ಲ ಹಂಚಿದಂತೆ. ಕದಡಿದ್ದನ್ನು ಮತ್ತೆ ಮೂಲರೂಪಕ್ಕೆ ತರುವ ಆಜ್ಞೆ ಅದೇ ತಂತ್ರಾಂಶದಲ್ಲಿದ್ದು, ಫೈಲು ಸಿಕ್ಕವರಿಗೆ ಪಾಸ್‌ವರ್ಡ್ ಸಿಕ್ಕಂತೆಯೇ. ಆರ್‌ಕ್ಲೋನ್‌ನ ಸ್ವಂತ ದಾಖಲೆಗಳು ಇದನ್ನು ಮುಚ್ಚಿಟ್ಟಿಲ್ಲ. ಪಕ್ಕದಲ್ಲಿ ನಿಂತವರ ಕಣ್ಣಿಗೆ ಪಾಸ್‌ವರ್ಡ್ ಬೀಳದಿರಲೆಂದು ಮಾತ್ರ ಈ ಏರ್ಪಾಡು ಎಂಬ ಮಾತು ಅಲ್ಲಿ ಇದೆ. ಮಂಡಿಯ ಕೈಪಿಡಿಗೆ ಬರುವ ಹೊತ್ತಿಗೆ ಆ ಮಾತು ಬಿಟ್ಟುಹೋಗಿತ್ತು.

ಹಾಗಾದರೆ ಇಡೀ ಸಂರಚನಾ ಫೈಲನ್ನೇ ನಿಜವಾಗಿ ಎನ್‌ಕ್ರಿಪ್ಟ್ ಮಾಡಬಹುದಲ್ಲ ಎಂದು ತಂತ್ರಜ್ಞರು ಕೇಳಿದರು. ಮಾಡಬಹುದು, ಆರ್‌ಕ್ಲೋನ್‌ನಲ್ಲಿ ಸಂರಚನೆಗೆ ಪ್ರತ್ಯೇಕ ಪಾಸ್‌ವರ್ಡ್ ಇಡುವ ಆಯ್ಕೆ ಇದೆ. ಆದರೆ ಆಗ ಪ್ರತಿ ಸಲ ಓಡುವಾಗಲೂ ಅದು ಆ ಪಾಸ್‌ವರ್ಡನ್ನು ಕೇಳುತ್ತದೆ. ನಡುರಾತ್ರಿ ಮನುಷ್ಯರಿಲ್ಲದೆ ಓಡಬೇಕಾದ ಕೆಲಸಕ್ಕೆ ಅದನ್ನು ತಂತ್ರಾಂಶ ಓಡುವಾಗ ಓದಿಕೊಳ್ಳುವ ಎನ್ವಿರಾನ್ಮೆಂಟ್ ವೇರಿಯೇಬಲ್ ಎಂಬ ಮೌಲ್ಯದಲ್ಲೋ, ಪಾಸ್‌ವರ್ಡ್ ತಂದುಕೊಡುವ ಇನ್ನೊಂದು ಆಜ್ಞೆಯಲ್ಲೋ ಇಡಬೇಕು, ಆ ಆಜ್ಞೆಯೂ ಎಲ್ಲಿಂದಲೋ ಓದಬೇಕು. ಗುಟ್ಟು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ ಅಷ್ಟೇ, ಇಲ್ಲವಾಗುವುದಿಲ್ಲ. ಪೆನ್‌ಡ್ರೈವಿನಲ್ಲಿ ಹೋದ ಫೈಲು ನಿರುಪಯೋಗಿ ಆಗುತ್ತದೆ ಎಂಬ ಮಟ್ಟಿಗೆ ಇದು ನಿಜವಾದ ಲಾಭ. ಅದೇ ಯಂತ್ರದಲ್ಲಿ ರೂಟ್ ಅಧಿಕಾರ ಇರುವವರ ವಿರುದ್ಧ ಇದರಿಂದ ಏನೂ ಆಗದು. ಇಂಥ ಕಡೆ ನನ್ನ ಒಲವು ಬೇರೆ ದಿಕ್ಕಿಗಿದೆ: ಗುಟ್ಟನ್ನು ಇನ್ನಷ್ಟು ಬಚ್ಚಿಡುವ ಬದಲು, ಆ ಗುಟ್ಟಿನಿಂದ ಸಾಧ್ಯವಾಗುವ ಕೆಲಸವನ್ನೇ ಕಿರಿದಾಗಿಸಬೇಕು. ಮಂಡಿಯು ಬೆಂಗಳೂರಿನ ಸರ್ವರ್‌ಗೆ ಹೋಗುತ್ತಿದ್ದದ್ದು ಲೆಕ್ಕಪರಿಶೋಧಕರ ಬೇರೆ ಗ್ರಾಹಕರ ಫೋಲ್ಡರುಗಳ ಹೆಸರೂ ಕಾಣುವಂಥ ಖಾತೆಯಿಂದ. ಅದನ್ನು ಈ ಮಂಡಿಯ ಒಂದೇ ಫೋಲ್ಡರಿಗೆ ಸೀಮಿತವಾದ, ಎಸ್‌ಎಫ್‌ಟಿಪಿ ಬಿಟ್ಟು ಬೇರೇನೂ ಮಾಡಲಾಗದ ಖಾತೆಗೆ ಬದಲಾಯಿಸಲು ಕೇಳಿಕೊಂಡೆವು.

ಆರ್‌ಕ್ಲೋನ್‌ನಲ್ಲಿ ಕಂಡ ಮತ್ತೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಎಸ್‌ಎಫ್‌ಟಿಪಿ ಸಂಪರ್ಕದಲ್ಲಿ ಎದುರಿಗಿರುವುದು ನಮ್ಮದೇ ಸರ್ವರ್ ಹೌದೋ ಅಲ್ಲವೋ ಎಂದು ಅದರ ಹೋಸ್ಟ್ ಕೀಲಿಯಿಂದ (ಸರ್ವರ್‌ನ ಗುರುತಿನ ಕೀಲಿ) ಪರೀಕ್ಷಿಸುವುದು ಆರ್‌ಕ್ಲೋನ್‌ನಲ್ಲಿ ತಾನಾಗಿ ನಡೆಯುವುದಿಲ್ಲ. ಪರಿಚಿತ ಸರ್ವರ್‌ಗಳ ಕೀಲಿಗಳಿರುವ ಫೈಲು ಎಲ್ಲಿದೆ ಎಂದು ಸಂರಚನೆಯಲ್ಲಿ ಹೇಳಿದರೆ ಮಾತ್ರ ನಡೆಯುತ್ತದೆ. ಪಾಸ್‌ವರ್ಡನ್ನು ಎಷ್ಟೇ ಜೋಪಾನವಾಗಿ ಇಟ್ಟರೂ, ವೇಷ ಹಾಕಿ ನಿಂತ ಸರ್ವರ್‌ಗೆ ಅದನ್ನು ಕೇಳಿದೊಡನೆ ಒಪ್ಪಿಸಿದರೆ ಇಟ್ಟ ಜೋಪಾನಕ್ಕೆ ಬೆಲೆಯಿಲ್ಲ. ಹೀಗಾಗಿ ಲಾಗಿನ್ ವಿವರ ಉಳಿಸುವ ಅಧ್ಯಾಯದೊಳಗೇ ಇದನ್ನೂ ಸೇರಿಸಿದೆ.

ಮೂರನೆಯದು ವಿಂಡೋಸ್. ಅಲ್ಲಿನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ನಿಜಕ್ಕೂ ಎನ್‌ಕ್ರಿಪ್ಟ್ ಆಗಿ, ಆ ಬಳಕೆದಾರರ ವಿಂಡೋಸ್ ಲಾಗಿನ್‌ಗೆ ಗಂಟುಬಿದ್ದು ಇರುತ್ತದೆ. ಕೈಪಿಡಿಯ ಎರಡನೇ ವಾಕ್ಯ ಸರಿ ಹೊಂದುತ್ತಿದ್ದದ್ದು ಇಲ್ಲಿಗೆ ಮಾತ್ರ. ಆದರೂ ಮಂಡಿಯಲ್ಲಿ ಇದರ ಪ್ರಯೋಜನ ಅರ್ಧದಷ್ಟೇ, ಏಕೆಂದರೆ ಎಲ್ಲ ಗುಮಾಸ್ತರೂ ಒಂದೇ ವಿಂಡೋಸ್ ಲಾಗಿನ್ ಬಳಸುತ್ತಾರೆ, ಪರದೆಗೆ ಬೀಗ ಬೀಳುವುದಿಲ್ಲ. ಕುರ್ಚಿಯಲ್ಲಿ ಕುಳಿತವರಿಗೆ ಪಾಸ್‌ವರ್ಡಿನ ಅಕ್ಷರಗಳು ಕಾಣದಿದ್ದರೂ ಪಟ್ಟಿಗಳ ಫೋಲ್ಡರ್ ತೆರೆಯುತ್ತದೆ. ಪಾಸ್‌ವರ್ಡ್ ಓದಲಾಗದಂತೆ ಕಾಯುವುದು ಒಂದು, ಅದರ ಬಲದಿಂದ ಸಿಗುವ ಪ್ರವೇಶವನ್ನು ಕಾಯುವುದು ಇನ್ನೊಂದು. ಲಾಗಿನ್ ವಿವರಗಳ ಬಗ್ಗೆ ನಾನು ಓದಿದ ಕೈಪಿಡಿಗಳಲ್ಲಿ ಹೆಚ್ಚಿನವು ಮೊದಲನೆಯದನ್ನು ಹೇಳಿ ಎರಡನೆಯದೂ ಆಯಿತೆಂಬ ಭಾವನೆ ಮೂಡಿಸುತ್ತವೆ. ರೈತರ ಖಾತೆ ಸಂಖ್ಯೆಗಳಿರುವ ಕಡೆ ಈ ವ್ಯತ್ಯಾಸ ಸಣ್ಣದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ದತ್ತಾಂಶ ಇಟ್ಟುಕೊಂಡವರಿಂದ ಸೂಕ್ತ ಭದ್ರತಾ ಕ್ರಮಗಳನ್ನು ನಿರೀಕ್ಷಿಸುತ್ತದೆ.

ಹೊಸ ಕೈಪಿಡಿಯಲ್ಲಿ ಮೂರು ದಾರಿಗಳಿಗೆ ಮೂರು ಪ್ರತ್ಯೇಕ ಪುಟಗಳನ್ನು ಕೊಟ್ಟೆವು. ಪ್ರತಿ ಪುಟದ ಮೇಲ್ಭಾಗದಲ್ಲಿ, ಯಾವ ಆಜ್ಞೆಯನ್ನೂ ಹೇಳುವ ಮೊದಲು, ಪಾಸ್‌ವರ್ಡ್ ಯಾವ ಫೈಲಿನಲ್ಲಿ ಯಾವ ರೂಪದಲ್ಲಿ ಇದೆ, ಅದನ್ನು ಯಾರು ಓದಬಲ್ಲರು, ಅದು ಬದಲಾದರೆ ಎಲ್ಲೆಲ್ಲಿ ಏನೇನು ಮಾಡಬೇಕು ಎಂಬುದನ್ನು ಬಿಡಿಸಿ ಬರೆದೆವು. ಲಿನಕ್ಸ್ ಪುಟದ ಆರಂಭ ಹೀಗಿದೆ: ‘ಈ ಫೈಲಿನಲ್ಲಿ ಪಾಸ್‌ವರ್ಡ್ ಮರೆಮಾಚದೆ, ಇದ್ದ ಹಾಗೆಯೇ ಇರುತ್ತದೆ. ರೂಟ್ ಬಿಟ್ಟು ಬೇರೆಯವರು ಓದಲಾಗದಂತೆ ಅನುಮತಿ 600 ಇರಲೇಬೇಕು. ಪಾಸ್‌ವರ್ಡಿಗೆ ಉದ್ಧರಣ ಚಿಹ್ನೆ ಹಾಕಬಾರದು. ಸಮ ಚಿಹ್ನೆಯ ಹಿಂದೆ ಮುಂದೆ ಜಾಗ ಬಿಡಬಾರದು. ನ್ಯಾಸ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸಿದ ದಿನವೇ ಫೋಲ್ಡರನ್ನು ಬಿಡಿಸಿ ಮತ್ತೆ ಜೋಡಿಸಿ ನೋಡಬೇಕು. ಬಿಡಿಸದೆ ತೆರೆದು ನೋಡಿದರೆ ಅದು ಪರೀಕ್ಷೆ ಆಗುವುದಿಲ್ಲ.’ ಜೋಡಣೆಯ ಜಾಗವಾದ ಖಾಲಿ ಫೋಲ್ಡರಿಗೆ ಬದಲಿಸಲಾಗದ ಗುಣವನ್ನು ಕೊಟ್ಟದ್ದರಿಂದ, ಜೋಡಣೆ ಆಗದಿದ್ದಾಗ ತಂತ್ರಾಂಶವು ಅಲ್ಲಿ ಬರೆಯಲಾಗದೆ ಆಗಲೇ ದೋಷ ತೋರಿಸುತ್ತದೆ. ಆರ್‌ಕ್ಲೋನ್ ಪುಟದಲ್ಲಿ ‘ಎನ್‌ಕ್ರಿಪ್ಟ್’ ಎಂಬುದನ್ನು ಅಳಿಸಿ, ಫೈಲು ಸಿಕ್ಕವರಿಗೆ ಪಾಸ್‌ವರ್ಡ್ ಸಿಕ್ಕಂತೆ ಎಂದು ನೇರವಾಗಿ ಬರೆದೆವು. ವಿಂಡೋಸ್ ಪುಟ ಚಿಕ್ಕದು: ಹಳೆಯ ನಮೂದನ್ನು ಮೊದಲು ತೆಗೆದು ಹೊಸದನ್ನು ಹಾಕಬೇಕು, ಒಂದೇ ಸರ್ವರ್‌ಗೆ ಎರಡು ಬೇರೆ ಬಳಕೆದಾರ ಹೆಸರುಗಳಿಂದ ಏಕಕಾಲಕ್ಕೆ ಸಂಪರ್ಕಿಸಲು ಹೋದರೆ ವಿಂಡೋಸ್ ಒಪ್ಪುವುದಿಲ್ಲ, ಪರದೆಗೆ ತಾನಾಗಿ ಬೀಗ ಬೀಳುವಂತೆ ಇಡಬೇಕು.

ಬರೆದದ್ದು ಅರ್ಥವಾಗುತ್ತದೆಯೇ ಎಂದು ತಿಳಿಯಲು, ಬರೆದವರು ಪಕ್ಕದಲ್ಲಿ ಕುಳಿತು ಬಾಯಿ ಮುಚ್ಚಿಕೊಂಡು ನೋಡುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಅಂದು ಕೌಂಟರಿನಲ್ಲಿದ್ದ ಗುಮಾಸ್ತೆಯನ್ನೇ ಕೇಳಿಕೊಂಡೆವು. ಪರೀಕ್ಷೆಗೆಂದು ಬೇರೆ ಖಾತೆ, ಬೇರೆ ಪಾಸ್‌ವರ್ಡ್ ಮಾಡಿಕೊಟ್ಟೆವು. ಅವರು ಫೈಲನ್ನು ಎಡಿಟರಿನಲ್ಲಿ ತೆರೆಯುವ ಬದಲು, ಎಲ್ಲಿಯೋ ಕಲಿತಿದ್ದ ಎಕೋ ಆಜ್ಞೆಯಿಂದ ಪಾಸ್‌ವರ್ಡಿನ ಸಾಲನ್ನು ಫೈಲಿಗೆ ಬರೆದರು. ಕೆಲಸ ಆಯಿತು, ಆದರೆ ಪಾಸ್‌ವರ್ಡ್ ಟರ್ಮಿನಲ್‌ನ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯ) ಇತಿಹಾಸದಲ್ಲಿ ಉಳಿಯಿತು, ಮೇಲಿನ ಬಾಣದ ಗುರುತಿನ ಕೀಲಿಯನ್ನು ಒತ್ತಿದರೆ ಮತ್ತೆ ಪರದೆಗೆ ಬಂತು. ಕೈಪಿಡಿಯಲ್ಲಿ ‘ಫೈಲಿನಲ್ಲಿ ಬರೆಯಿರಿ’ ಎಂದಷ್ಟೇ ಇದ್ದ ಕಡೆ, ಯಾವ ಎಡಿಟರಿನಿಂದ ಹೇಗೆ ತೆರೆಯಬೇಕು, ಪಾಸ್‌ವರ್ಡನ್ನು ಆಜ್ಞೆಯ ಸಾಲಿನಲ್ಲಿ ಎಂದೂ ಏಕೆ ಹಾಕಬಾರದು ಎಂಬುದನ್ನು ಸೇರಿಸಿದೆವು. ಆಜ್ಞೆ ಓಡುತ್ತಿರುವಷ್ಟು ಹೊತ್ತು ಅದರ ಪೂರ್ಣ ಸಾಲು ಅದೇ ಯಂತ್ರದ ಇತರ ಬಳಕೆದಾರರಿಗೂ ಕಾಣಬಹುದು ಎಂಬುದು ಇನ್ನೊಂದು ಕಾರಣ. ಅನುಮತಿ ಬದಲಾಯಿಸುವ ಆಜ್ಞೆ ಕೊಟ್ಟ ಮೇಲೆ ಅವರು ಸುಮ್ಮನೆ ಪರದೆ ನೋಡುತ್ತ ಕುಳಿತರು. ಲಿನಕ್ಸ್ ಇಂಥ ಕಡೆ ಯಶಸ್ಸನ್ನು ಮೌನದಿಂದಲೇ ತಿಳಿಸುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಫೈಲಿನ ವಿವರ ತೋರಿಸುವ ಆಜ್ಞೆಯನ್ನು ಕೊಟ್ಟು, ಸಾಲಿನ ಆರಂಭದಲ್ಲಿ ಓದುವ ಮತ್ತು ಬರೆಯುವ ಎರಡು ಅಕ್ಷರಗಳ ನಂತರ ಬರಿಯ ಅಡ್ಡಗೆರೆಗಳೇ ಇರಬೇಕು ಎಂದು ಚಿತ್ರಸಹಿತ ತೋರಿಸಿದೆವು.

ಹಳೆಯ ಕೈಪಿಡಿಯ ಕೊನೆಯಲ್ಲಿ, ತೊಂದರೆಯಾದರೆ ಫೈಲಿನ ಫೋಟೋ ತೆಗೆದು ಕಳುಹಿಸಿ ಎಂಬ ಸೂಚನೆಯೂ ಇತ್ತು. ಅದನ್ನು ತೆಗೆದು, ದೋಷಸಂದೇಶದ ಫೋಟೋ ಮತ್ತು ಅನುಮತಿಯ ಸಾಲಿನ ಫೋಟೋ ಸಾಕು, ಫೈಲಿನ ಒಳಗಿರುವುದನ್ನು ತಂತ್ರಜ್ಞರು ಕೇಳಿದರೂ ಕಳುಹಿಸಬಾರದು ಎಂದು ಬರೆದೆವು. ತಂತ್ರಜ್ಞರು ಇದಕ್ಕೆ ಕೊಂಚ ಬೇಸರಪಟ್ಟರು. ಎರಡು ಸಲ ವಿಫಲವಾದ ಮೇಲೆ ಮತ್ತೆ ಪ್ರಯತ್ನಿಸದೆ ಫೋನ್ ಮಾಡಬೇಕು ಎಂಬ ಸಾಲನ್ನು ಮಾತ್ರ ಅವರೇ ಹೇಳಿ ಸೇರಿಸಿದರು, ನ್ಯಾಸ್‌ನ ತಡೆಯನ್ನು ತೆಗೆಯಲು ಊರೊಳಗಿನ ಕಚೇರಿಗೆ ಓಡಬೇಕಾದದ್ದು ಅವರೇ ಆದ್ದರಿಂದ.

ಕೆಲವು ಸಂಗತಿಗಳು ಇನ್ನೂ ಬಾಕಿ ಇವೆ. ಗುಮಾಸ್ತರಿಗೆಲ್ಲ ಬೇರೆ ಬೇರೆ ಲಾಗಿನ್ ಕೊಡುವುದಕ್ಕೆ ಮಂಡಿಯ ಯಜಮಾನರು ಸೀಸನ್ ಮುಗಿದ ಮೇಲೆ ನೋಡೋಣ ಎಂದಿದ್ದಾರೆ. ಹರಾಜಿನ ಹೊತ್ತಿನಲ್ಲಿ ಲಾಗಿನ್ ಬದಲಾಯಿಸುತ್ತ ಕೂರಲಾಗದು ಎಂಬ ಅವರ ಮಾತಿನಲ್ಲಿ ಹುರುಳಿದೆ. ಬೆಂಗಳೂರಿನ ಕಡೆಯವರು ಸೀಮಿತ ಖಾತೆಯನ್ನು ಕೊಟ್ಟಿದ್ದಾರೆ, ಪಾಸ್‌ವರ್ಡಿನ ಬದಲು ಎಸ್‌ಎಸ್‌ಎಚ್ ಕೀಲಿ ಬಳಸಲೂ ಒಪ್ಪಿದ್ದಾರೆ. ತಮ್ಮ ಸರ್ವರ್‌ನ ಹೋಸ್ಟ್ ಕೀಲಿಯ ಬೆರಳಚ್ಚನ್ನು, ಅಂದರೆ ಆ ಕೀಲಿಯನ್ನು ಗುರುತಿಸುವ ಚಿಕ್ಕ ಅಕ್ಷರಸಾಲನ್ನು, ಫೋನಿನಲ್ಲಿ ಓದಿ ಖಚಿತಪಡಿಸುವುದು ಉಳಿದಿದೆ. ಆರ್‌ಕ್ಲೋನ್ ಪುಟದಲ್ಲಿ ಆ ಜಾಗವನ್ನು ಖಾಲಿ ಬಿಟ್ಟು, ‘ಇದು ತುಂಬುವವರೆಗೆ ಸರ್ವರ್‌ನ ಗುರುತನ್ನು ಈ ಯಂತ್ರ ಪರೀಕ್ಷಿಸುತ್ತಿಲ್ಲ’ ಎಂದು ಪಕ್ಕದಲ್ಲಿ ಬರೆದಿದ್ದೇವೆ.